ಕಟ್ಟೆ ಡಾಕ್ಟರ ಕೈಪಿಡಿ: ಹಾವೇರಿ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಆವೃತ್ತಿ

ಹುದ್ದೆ ಮತ್ತು ಅರ್ಹತೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಊರೂರಿನ ಕಟ್ಟೆಯ ಮೇಲೆ ಕುಳಿತು ಪುಕ್ಕಟೆ ಔಷಧ ಹೇಳುವ ಹಿರಿಯರಿಗಾಗಿ ಈ ಕೈಪಿಡಿ. ಹುದ್ದೆಗೆ ಅರ್ಜಿ ಹಾಕಬೇಕಿಲ್ಲ, ಸಂದರ್ಶನವಿಲ್ಲ, ನಿವೃತ್ತಿಯಂತೂ ಇಲ್ಲವೇ ಇಲ್ಲ. ಅರ್ಹತೆ ಎರಡು: ನಿಮಗೆ ಮೊಣಕಾಲು ನೋವಿರಬೇಕು ಮತ್ತು ಅದು ವಾಸಿಯಾಗಿರಬಾರದು. ದಾರಿಯಲ್ಲಿ ಹೋಗುವವರು ಕೆಮ್ಮಿದ ಕೂಡಲೇ ‘ಯಾಕೋ ತಮ್ಮಾ, ಏನಾಗೇತಿ?’ ಎಂದು ಕೇಳದೆ ಇರಲಾರದವರಾಗಿದ್ದರೆ ನಿಮ್ಮ ನೇಮಕಾತಿ ಆಗಿದೆ ಎಂದೇ ತಿಳಿಯಿರಿ.

1997ರಲ್ಲಿ ಧಾರವಾಡದಿಂದ ಹಾವೇರಿ ಜಿಲ್ಲೆ ಬೇರೆಯಾದಾಗ ಕಚೇರಿಗಳು, ಕಡತಗಳು, ಸಾಹೇಬರು ಎಲ್ಲ ಹಂಚಿಹೋದರು. ಕಟ್ಟೆಯ ಅಧಿಕಾರ ಮಾತ್ರ ಯಾರ ಪಾಲಿಗೂ ಹೋಗದೆ ಇದ್ದಲ್ಲೇ ಉಳಿಯಿತು. ಇಂದಿಗೂ ಕಾಯಿಲೆ ಮೊದಲು ಬರುವುದು ಕಟ್ಟೆಗೆ, ಆಮೇಲೆ ಮೆಡಿಕಲ್ ಅಂಗಡಿಗೆ, ಆಮೇಲೆ ತಾಲ್ಲೂಕು ಆಸ್ಪತ್ರೆಗೆ. ಕೊನೆಗೆ ‘ಹುಬ್ಬಳ್ಳಿಗೆ ಒಯ್ದಾರಂತ’ ಎಂಬ ಸುದ್ದಿಯಾಗಿ ಅದು ಮತ್ತೆ ಕಟ್ಟೆಗೇ ಬರುತ್ತದೆ. ಈ ಸುತ್ತಿನಲ್ಲಿ ಹಾಳಾಗುವ ಹೊತ್ತು ಎಷ್ಟು, ಅದರಲ್ಲಿ ನಿಮ್ಮ ಪಾಲು ಎಷ್ಟು ಎಂಬುದೇ ಈ ಕೈಪಿಡಿಯ ಕಾಳಜಿ.

ಉಪಕರಣಗಳು

ಶುಂಠಿ, ಮೆಣಸು, ಜೀರಿಗೆ, ಅಜವಾನ, ಅರಿಸಿನ, ಬೆಲ್ಲ, ಲಿಂಬೆಹಣ್ಣು, ತುಳಸಿ, ಬೇವು. ಇಷ್ಟಿದ್ದರೆ ಸಾಕು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ನೀವು ಅದನ್ನು ಉಲ್ಟಾ ಹಿಡಿದು ಹಿತ್ತಲಿನದೆಲ್ಲ ಮದ್ದು ಎಂದು ಸಾಧಿಸಬೇಕು. ನೆಗಡಿ ತಾನಾಗಿಯೇ ಹೋಗುವಂಥದು. ಅದು ಹೊರಡುವ ಹೊತ್ತಿಗೆ ನಿಮ್ಮ ಕಷಾಯ ಅಲ್ಲಿರುವಂತೆ ನೋಡಿಕೊಳ್ಳುವುದರಲ್ಲೇ ವಿದ್ಯೆಯೆಲ್ಲ ಇದೆ. ಗಂಟಲು ಕೆರೆತಕ್ಕೆ ಉಪ್ಪುನೀರು ಮುಕ್ಕಳಿಸುವುದು, ಕೆಮ್ಮಿಗೆ ಜೇನುತುಪ್ಪ, ಅಜೀರ್ಣಕ್ಕೆ ಅಜವಾನ: ಇವುಗಳ ಬಗ್ಗೆ ಯಾವ ತಕರಾರೂ ಇಲ್ಲ. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಜೇನು ನೆಕ್ಕಿಸಬೇಡಿ. ಅದರಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಾಣುವನ್ನು ಅಷ್ಟು ಎಳೆಯ ಕರುಳು ತಡೆಯಲಾರದು.

ಪ್ರಮಾಣ ಹೇಳುವಾಗ ಗ್ರಾಮು, ಮಿಲಿ ಎನ್ನಬಾರದು. ‘ಅಡಕಿ ಗಾತ್ರ’, ‘ಎರಡು ಬೊಟ್ಟಿನಾಗ ಹಿಡಿಯುವಷ್ಟು’, ‘ಮೂರು ಮುಂಜಾನಿ, ಖಾಲಿ ಹೊಟ್ಯಾಗ’ ಎನ್ನಬೇಕು. ಜೊತೆಗೆ ಪಥ್ಯ ಹೇಳುವುದನ್ನು ಮರೆಯಬೇಡಿ. ಬದನೆಕಾಯಿ ನಂಜು, ಮುಟ್ಟಬಾರದು ಎನ್ನಿ. ನಮ್ಮ ಭಾಗದಲ್ಲಿ ಎಣ್ಣೆಗಾಯಿ ಮುಟ್ಟದೆ ಮೂರು ದಿನ ಕಳೆದವನನ್ನು ಯಾರೂ ಕಂಡಿಲ್ಲ. ಆದ್ದರಿಂದ ಔಷಧ ಹತ್ತದಿದ್ದರೆ ‘ಬದನಿಕಾಯಿ ತಿಂದಿ ಹೌದಲ್ಲೋ?’ ಎಂದು ಒಂದೇ ಪ್ರಶ್ನೆ ಕೇಳಿ. ಅವನು ತಲೆ ತಗ್ಗಿಸುತ್ತಾನೆ. ಹತ್ತಿದರೆ ಕೀರ್ತಿ ನಿಮಗೆ, ಹತ್ತದಿದ್ದರೆ ತಪ್ಪು ಅವನದು. ಇಂಥ ಸೌಲಭ್ಯ ಎಂ.ಬಿ.ಬಿ.ಎಸ್. ಓದಿದವರಿಗೆ ಇಲ್ಲ.

ನಿಮ್ಮ ಅಡುಗೆಮನೆಯ ಒಂದು ಮದ್ದು ಮಾತ್ರ ಜಗತ್ತನ್ನೇ ಗೆದ್ದಿದೆ. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ ಶಿಬಿರದಲ್ಲಿ ಕಾಲರಾಕ್ಕೆ ಸಿಕ್ಕಿ ಸಾಯುತ್ತಿದ್ದರು. ನರಕ್ಕೆ ಹಾಕುವ ಸಲೈನು ಮುಗಿಯುತ್ತ ಬಂದಾಗ ಡಾಕ್ಟರ್ ದಿಲೀಪ್ ಮಹಾಲನಬೀಸ್ ಸಕ್ಕರೆ, ಉಪ್ಪು ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದರು; ಸಾವು ಗಣನೀಯವಾಗಿ ಇಳಿಯಿತು. ಒಂದು ಲೀಟರ್ ಕುದಿಸಿ ಆರಿಸಿದ ನೀರು, ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇಲ್ಲಿ ಮಾತ್ರ ‘ಎರಡು ಬೊಟ್ಟಿನಾಗ’ ನಡೆಯುವುದಿಲ್ಲ, ಚಮಚದ ಲೆಕ್ಕವೇ ಬೇಕು. ಉಪ್ಪು ಹೆಚ್ಚಾದರೆ ಕೂಸಿಗೆ ಅಪಾಯ. ಓ.ಆರ್.ಎಸ್. ಪ್ಯಾಕೆಟ್ಟು ಆಶಾ ಕಾರ್ಯಕರ್ತೆಯ ಹತ್ತಿರ ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಕೊಡುವುದರಲ್ಲಿ ಅವರು ನಿಮಗೆ ಪ್ರತಿಸ್ಪರ್ಧಿ, ಆದರೂ ಹೊಂದಿಕೊಳ್ಳಿ.

ಶಿಗ್ಗಾಂವಿ ವಿಭಾಗ: ರಾಗಿಯ ವ್ಯಾಜ್ಯ

ಕನಕದಾಸರು ಹುಟ್ಟಿದ ಬಾಡ ಈ ತಾಲ್ಲೂಕಿನಲ್ಲಿದೆ. ಹೀಗಾಗಿ ಸಕ್ಕರೆ ಕಾಯಿಲೆಯವರು ಬಂದರೆ ‘ರಾಮಧಾನ್ಯ ಚರಿತೆ’ಯನ್ನೇ ಸಾಕ್ಷಿಗೆ ಕರೆಯುವುದು ಇಲ್ಲಿನ ಪದ್ಧತಿ: ರಾಮನೇ ಅಕ್ಕಿಗಿಂತ ರಾಗಿ ಮೇಲು ಎಂದನಲ್ಲ, ಎಷ್ಟು ಬೇಕಾದರೂ ಉಣ್ಣು. ಕಾವ್ಯವನ್ನು ಸ್ವಲ್ಪ ಗಮನವಿಟ್ಟು ನೋಡಿ. ರಾಮ ಎರಡೂ ಧಾನ್ಯಗಳನ್ನು ಆರು ತಿಂಗಳು ಸೆರೆಯಲ್ಲಿಟ್ಟು, ಯಾವುದು ಕೆಡದೆ ಹೊರಬಂದಿತು ಎಂದು ನೋಡಿದ. ಅದು ದಾಸ್ತಾನಿನ ಪರೀಕ್ಷೆ, ಶುಗರ್ ಪರೀಕ್ಷೆ ಅಲ್ಲ. ಬಡವರ ಧಾನ್ಯಕ್ಕೆ ಮಾನ ತಂದ ಕಾವ್ಯವನ್ನು ಡಯಟ್ ಚಾರ್ಟ್ ಮಾಡಿದರೆ ಕನಕದಾಸರಿಗೂ ಅನ್ಯಾಯ, ರೋಗಿಗೂ ಅನ್ಯಾಯ. ರಾಗಿಯಲ್ಲಿ ಅಕ್ಕಿಗಿಂತ ನಾರು, ಸುಣ್ಣದಂಶ ಬಹಳ ಹೆಚ್ಚು. ಪಿಷ್ಟ ಮಾತ್ರ ಹೆಚ್ಚುಕಡಿಮೆ ಅಕ್ಕಿಯಷ್ಟೇ. ಗಂಜಿ ಮಾಡಿ ಬೆಲ್ಲ ಹಾಕಿ ಎರಡು ಲೋಟ ಕುಡಿದರೆ ಶುಗರ್ ಏರಿಯೇ ಏರುತ್ತದೆ. ಒಂದು ಜೋಳದ ರೊಟ್ಟಿ, ಅದರ ಎರಡರಷ್ಟು ಮೆಂತ್ಯ ಪಲ್ಯ, ಹೆಸರುಕಾಳು, ಸ್ವಲ್ಪ ಅಗಸಿ ಹಿಂಡಿ, ಆಮೇಲೆ ಹೊಲದ ತನಕ ನಡಿಗೆ. ಇಷ್ಟು ಹೇಳಿ ನಿಲ್ಲಿಸಿ. ‘ಗುಳಿಗಿ ಬಿಡು’ ಎಂದು ಮಾತ್ರ ಬಾಯಿತಪ್ಪಿಯೂ ಹೇಳಬೇಡಿ.

ಸವಣೂರು ವಿಭಾಗ: ಎಲೆ, ಅಡಿಕೆ ಇತ್ಯಾದಿ

ನೈಸರ್ಗಿಕವಾದದ್ದೆಲ್ಲ ನಿರಪಾಯ ಎಂಬ ವಾದ ಸೋಲುವ ಊರು ಯಾವುದಾದರೂ ಇದ್ದರೆ ಅದು ಸವಣೂರು. ಇಲ್ಲಿಯ ವೀಳ್ಯದೆಲೆಗೆ ದೊಡ್ಡ ಹೆಸರು. ಎಲೆ ಪಚನಕ್ಕೆ ಒಳ್ಳೆಯದು ಎಂಬುದು ನಿಮ್ಮ ಮೊದಲ ಪಾಠ. ಎಲೆಯ ಮೇಲೆ ಯಾವ ಆರೋಪವೂ ಇಲ್ಲ. ಆದರೆ ಎಲೆ ಒಂಟಿಯಾಗಿ ಬಾಯಿಗೆ ಹೋಗುವುದನ್ನು ಯಾರು ಕಂಡಿದ್ದಾರೆ? ಅದರ ಜೊತೆ ಅಡಿಕೆ, ಸುಣ್ಣ, ತಂಬಾಕು ಹೋಗುತ್ತವೆ. ಎಲ್ಲವೂ ನೈಸರ್ಗಿಕ, ತಂಬಾಕಿನ ಗಿಡಕ್ಕಿಂತ ನೈಸರ್ಗಿಕವಾದದ್ದು ಇನ್ನೇನಿದೆ! ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕಿಲ್ಲದ ಬರೀ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ‘ನಾ ತಂಬಾಕ ಹಾಕಂಗಿಲ್ರಿ, ಬರೇ ಅಡಕಿ’ ಎನ್ನುವವರಿಗೆ ಇದನ್ನು ತಿಳಿಸಿದರೆ ಅವರು ನಿಮ್ಮ ಜೊತೆ ಒಂದು ವಾರ ಮಾತು ಬಿಡುತ್ತಾರೆ.

ಇಲ್ಲಿ ನೀವು ಮಾಡಬಹುದಾದ ಒಂದು ಪರೀಕ್ಷೆ ಇದೆ. ಯಾವ ಯಂತ್ರವೂ ಬೇಡ. ಎದುರಿಗಿದ್ದವನಿಗೆ ತನ್ನದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಮುಂಬಲ್ಲುಗಳ ನಡುವೆ ತೂರಿಸಲು ಹೇಳಿ. ಮೂರೂ ಹೋದರೆ ಬಾಯಿ ಸರಿಯಾಗಿ ತೆರೆಯುತ್ತಿದೆ. ಎರಡಕ್ಕೇ ನಿಂತರೆ ಒಳಗೆ ಕೆನ್ನೆಯ ಚರ್ಮ ಬಿಗಿಯುತ್ತ ಬಂದಿದೆ ಎಂದು ಅನುಮಾನಿಸಬೇಕು. ಅದಕ್ಕೂ ಮೊದಲೇ ಬರುವ ಲಕ್ಷಣ ಇನ್ನೊಂದಿದೆ: ಖಾರ ತಿಂದರೆ ಬಾಯಿ ಉರಿ. ಬ್ಯಾಡಗಿ ಮೆಣಸಿನಕಾಯಿಯ ಜಿಲ್ಲೆಯಲ್ಲಿ ಹುಟ್ಟಿ, ಸವಣೂರಿನ ಖಾರಾ ತಿಂದು ಬೆಳೆದವನು ಇದ್ದಕ್ಕಿದ್ದಂತೆ ‘ಯಾಕೋ ಖಾರ ತಡಿಯಂಗಿಲ್ರಿ’ ಎಂದರೆ ಅವನಿಗೆ ತುಪ್ಪ ತಿನ್ನಲು ಹೇಳಬೇಡಿ. ಹಲ್ಲಿನ ಡಾಕ್ಟರ ಹತ್ತಿರ ಕಳಿಸಿ. ಬಾಯೊಳಗಿನ ಹುಣ್ಣು ಎರಡು ಮೂರು ವಾರವಾದರೂ ಮಾಯದಿದ್ದರೂ ಹಾಗೆಯೇ. ರಾಜ್ಯದಲ್ಲಿ ಗುಟ್ಕಾ ನಿಷೇಧವಾಗಿದ್ದು 2013ರಲ್ಲಿ. ಅಂದಿನಿಂದ ಪಾನ್ ಮಸಾಲಾ ಒಂದು ಚೀಟು, ತಂಬಾಕು ಇನ್ನೊಂದು ಚೀಟು. ಅಂಗೈಯಲ್ಲಿ ಕೂಡಿಸಿಕೊಳ್ಳುವ ಕೆಲಸ ಗಿರಾಕಿಯದು. ಶಿಶುನಾಳ ಶರೀಫರು ಗುಡಗುಡಿಯ ಮೇಲೆ ಹಾಡು ಕಟ್ಟಿದ್ದಾರಲ್ಲ ಎಂದು ಬೀಡಿ ಸೇದುವವರು ವಾದಕ್ಕೆ ಬಂದರೆ, ಆ ಹಾಡು ದೇಹದ ಒಳಗಿನ ಮಾತು, ಬೀಡಿ ಕಟ್ಟಿನ ಜಾಹೀರಾತಲ್ಲ ಎಂದು ಉತ್ತರಿಸಿ.

(ಸವಣೂರಿನ ದೊಡ್ಡಹುಣಸೆ ಕಲ್ಮಠದ ಮೂರು ದೈತ್ಯ ಮರಗಳನ್ನು ನೋಡಿರದವರು ಹೋಗಿ ನೋಡಿ. 2023ರ ಮಳೆಗಾಲದಲ್ಲಿ ಒಂದು ಮರ ಬುಡಸಮೇತ ಉರುಳಿದಾಗ ಅದನ್ನು ಮತ್ತೆ ನೆಟ್ಟು ನಿಲ್ಲಿಸಿದರು. ಮರ ಬಿದ್ದಾಗ ಯಾರೂ ಅದಕ್ಕೆ ಕಷಾಯ ಹೇಳಲಿಲ್ಲ, ಗೊತ್ತಿದ್ದವರನ್ನು ಕರೆಸಿದರು. ಮನುಷ್ಯರಿಗೂ ಈ ಸೌಜನ್ಯ ತೋರಿಸಬಹುದು.)

ಹಾನಗಲ್ಲ ವಿಭಾಗ: ಬಾಯಿ ಮುಚ್ಚುವ ವಿಧಾನ

ಹಾನಗಲ್ಲ ಅರೆಮಲೆನಾಡು. ಭತ್ತ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು, ಹಾವು ಇದ್ದಲ್ಲಿ ಮಂತ್ರ. ಇಲಿಯಿಂದ ಇಲಿಜ್ವರವೂ ಬರುತ್ತದೆ: ಕಾಲಲ್ಲಿ ಗಾಯವಿದ್ದವರು ಗದ್ದೆಯ ಕೆಸರಿಗೆ ಇಳಿದ ಕೆಲ ದಿನಗಳ ಮೇಲೆ ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕೆಂಪು ಕಣ್ಣು. ಡಾಕ್ಟರಿಗೆ ‘ಗದ್ದಿಗೆ ಇಳದಿದ್ದೆ’ ಎಂದು ಹೇಳಲು ನೆನಪಿಸುವುದಷ್ಟೇ ನಿಮ್ಮ ಕೆಲಸ.

ಹಾವಿನದು ದೊಡ್ಡ ಅಧ್ಯಾಯ. 2000ದಿಂದ 2019ರವರೆಗಿನ ಲೆಕ್ಕ ಹಿಡಿದ ಒಂದು ಅಧ್ಯಯನದ ಪ್ರಕಾರ ಭಾರತದಲ್ಲಿ ವರ್ಷಕ್ಕೆ ಸರಾಸರಿ 58 ಸಾವಿರ ಜನ ಹಾವು ಕಚ್ಚಿ ಸತ್ತಿದ್ದಾರೆ; ಹೆಚ್ಚಿನವರು ಹಳ್ಳಿಯವರು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಅಂದರೆ ಇನ್ನು ಮುಂದೆ ಆಸ್ಪತ್ರೆಗಳು ಲೆಕ್ಕ ಕೊಡಬೇಕು. ಮಂತ್ರ ಹಾಕುವವರು ಮೊದಲಿನಿಂದಲೂ ಬದುಕಿದವರ ಲೆಕ್ಕ ಮಾತ್ರ ಕೊಡುತ್ತ ಬಂದಿದ್ದಾರೆ.

ಮಂತ್ರಕ್ಕೆ ಹೆಸರು ಹೇಗೆ ಬಂತು? ನಮ್ಮ ಸುತ್ತಲಿನ ಹಾವುಗಳಲ್ಲಿ ಬಹುಪಾಲು ವಿಷವಿಲ್ಲದವು. ವಿಷದ ಹಾವೂ ಒಮ್ಮೊಮ್ಮೆ ವಿಷ ಬಿಡದೆ ಬರೀ ಹಲ್ಲೂರುತ್ತದೆ. ಇವರೆಲ್ಲ ಹೇಗೂ ಬದುಕುವವರೇ. ಬದುಕಿದ ಪ್ರತಿಯೊಬ್ಬನೂ ಮಂತ್ರದ ಖಾತೆಗೆ ಜಮಾ. ಹಣೆಬರಹದ ಖಾತೆಗೆ ಹೋಗುವವರು ಉಳಿದವರು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಸರಿಯಾಗಿ ಕಚ್ಚಿದವರು. ಇವುಗಳಲ್ಲಿ ಕಟ್ಟುಹಾವಿನ ರೀತಿಯೇ ಬೇರೆ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು ಹೆಚ್ಚಿಲ್ಲ, ಊತವಿಲ್ಲ, ಎಚ್ಚರವೂ ಆಗದಿರಬಹುದು. ನಸುಕಿನಲ್ಲಿ ಹೊಟ್ಟೆ ನುಲಿಯುತ್ತದೆ, ಕಣ್ಣುರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ. ‘ಹೊಟ್ಟಿನೋವು’ ಎಂದು ಕಟ್ಟೆಗೆ ಬಂದವನಿಗೆ ನೀವು ಅಜವಾನ ಕೊಟ್ಟು ಕಳಿಸಿದರೆ ಅವನ ಕೊನೆಯ ಒಳ್ಳೆಯ ಗಂಟೆಯನ್ನು ತಿಂದಂತೆ.

ಕಚ್ಚಿದ ಮೇಲೆ ಹಗ್ಗ ಬಿಗಿಯಬಾರದು, ಬ್ಲೇಡಿನಿಂದ ಕೊಯ್ಯಬಾರದು, ಬಾಯಿಂದ ಹೀರಬಾರದು. ಬೇವಿನ ಎಲೆ ಅಗಿಸಿ ‘ಕಹಿ ಹತ್ತತೇತೇನು?’ ಎಂದು ಕೇಳುತ್ತ ಕೂರಬಾರದು. ಪರೀಕ್ಷೆಯ ಚಟವೇ ಇದ್ದರೆ ಆಸ್ಪತ್ರೆಯಲ್ಲಿ ಇದಕ್ಕಿಂತ ಸೊಗಸಾದದ್ದಿದೆ: ಒಣಗಿದ ಚೊಕ್ಕ ಗಾಜಿನ ನಳಿಕೆಯಲ್ಲಿ 2 ಮಿಲಿ ರಕ್ತ ಹಿಡಿದು 20 ನಿಮಿಷ ಅಲ್ಲಾಡಿಸದೆ ಇಟ್ಟು, ಆಮೇಲೆ ಓರೆ ಮಾಡಿ ನೋಡುತ್ತಾರೆ. ರಕ್ತ ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಮಂಡಲದ ವಿಷ ಒಳಗೆ ಹೋಗಿದೆ ಎಂದರ್ಥ. ನಾಗರ, ಕಟ್ಟುಹಾವಿನ ವಿಷ ಹೋಗುವುದು ನರಗಳಿಗೆ. ಅದಕ್ಕೆ ರೆಪ್ಪೆ, ಉಸಿರು ನೋಡುತ್ತಾರೆ. ನೀವು ಮಾಡಬೇಕಾದದ್ದು ಇಷ್ಟು. ಉಂಗುರ, ಬಳೆ, ಕಾಲ್ಗಡಗ ಬಿಚ್ಚಿಸಿ. ಕಚ್ಚಿಸಿಕೊಂಡ ಕೈಯನ್ನೋ ಕಾಲನ್ನೋ, ಮುರಿದ ಎಲುಬಿಗೆ ಮಾಡುವಂತೆ, ದಬ್ಬೆ ಇಟ್ಟು ಅಲುಗದಂತೆ ಕಟ್ಟಿ. ನಡೆಸಬೇಡಿ. 108ಕ್ಕೆ ಫೋನ್ ಮಾಡಿ. ಅದು ಬರುವುದು ತಡ ಎನಿಸಿದರೆ ಊರಲ್ಲಿ ಕಾರಿದ್ದವರನ್ನು ಎಬ್ಬಿಸಿ. ಹಾವನ್ನು ಹೊಡೆದು ಚೀಲದಲ್ಲಿ ಒಯ್ಯುವ ಅಗತ್ಯವಿಲ್ಲ. ನಾಲ್ಕೂ ಹಾವುಗಳಿಗೆ ಒಂದೇ ಔಷಧ.

ಆ ಔಷಧ ಬರುವುದು ಹೇಗೆ ಗೊತ್ತೇ? ತಮಿಳುನಾಡಿನ ಇರುಳ ಸಮುದಾಯದವರು ತಮ್ಮದೇ ಸಹಕಾರ ಸಂಘ ಕಟ್ಟಿಕೊಂಡು ಹಾವು ಹಿಡಿದು, ವಿಷ ತೆಗೆದು, ಹಾವುಗಳನ್ನು ಮತ್ತೆ ಕಾಡಿಗೆ ಬಿಡುತ್ತಾರೆ. ಆ ವಿಷವನ್ನು ಸ್ವಲ್ಪ ಸ್ವಲ್ಪವೇ ಕುದುರೆಗೆ ಕೊಡುತ್ತ ಹೋದರೆ ಕುದುರೆಯ ರಕ್ತದಲ್ಲಿ ಪ್ರತಿವಿಷ ಹುಟ್ಟುತ್ತದೆ. ಹಾವು, ಕುದುರೆ, ಕಾಡು ಬಲ್ಲ ಜನ: ಇದರಷ್ಟು ನೈಸರ್ಗಿಕವಾದ ಮದ್ದು ನಿಮ್ಮ ಕೈಚೀಲದಲ್ಲಿ ಒಂದೂ ಇಲ್ಲ. ಹೀಗೆಂದು ಹೇಳಿ ನೋಡಿ, ಇಂಜೆಕ್ಷನ್ನಿಗೆ ಹೆದರುವ ಅಜ್ಜನೂ ಒಪ್ಪುತ್ತಾನೆ.

ಕಚ್ಚದ ಹಾಗೆ ನೋಡಿಕೊಳ್ಳುವುದು ಇನ್ನೂ ಸುಲಭ. ಅದಕ್ಕೇ ಯಾರಿಗೂ ಬೇಡ. ರಾತ್ರಿ ಹೊರಗೆ ಹೋಗಲು ಬ್ಯಾಟರಿ. ಗದ್ದೆಗೆ ಗಂಬೂಟು. ಬಣವೆಗೆ ಕೈ ಹಾಕುವ ಮುನ್ನ ಕೋಲಿನಿಂದ ತಟ್ಟುವುದು. ಕುಳ್ಳು, ಕಟ್ಟಿಗೆಯ ಒಟ್ಟಲು ಗೋಡೆಯಿಂದ ದೂರ. ಮಂಚವಿದ್ದರೆ ಮಂಚ, ಇಲ್ಲವಾದರೆ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗುವುದು. ಅದು ಸೊಳ್ಳೆಗೂ ಕಟ್ಟುಹಾವಿಗೂ ಒಂದೇ ಬೇಲಿ. ಬಂಕಾಪುರದ ಕೋಟೆಯಲ್ಲಿ ನವಿಲುಧಾಮ ಇದೆ, ನವಿಲು ಹಾವು ತಿನ್ನುವುದೂ ನಿಜ, ಆದರೆ ನಿಮ್ಮ ಚಾಪೆಯ ತನಕ ಬಂದು ತಿನ್ನುವುದಿಲ್ಲ. ಇಷ್ಟೆಲ್ಲ ಹೇಳಿದರೆ ನಿಮಗೆ ಏನು ಸಿಗುತ್ತದೆ? ಏನೂ ಇಲ್ಲ. ಹೊಟ್ಟೆನೋವು ವಾಸಿಯಾದವನು ಚಹಾ ಕುಡಿಸುತ್ತಾನೆ. ಕಚ್ಚದೇ ಹೋದ ಹಾವಿನ ಹೆಸರಿನಲ್ಲಿ ಇಂದಿನ ತನಕ ಯಾರೂ ಯಾರಿಗೂ ಚಹಾ ಕುಡಿಸಿಲ್ಲ.

ಹಿರೇಕೆರೂರು ವಿಭಾಗ: ಸರ್ವಜ್ಞ ಮತ್ತು ಸ್ಪ್ರೇಯರ್

ಸರ್ವಜ್ಞ ಈ ತಾಲ್ಲೂಕಿನ ಅಬಲೂರಿನವನು ಎಂಬುದು ಇಲ್ಲಿನವರ ನಂಬಿಕೆ, ಹೆಮ್ಮೆ. ಉತ್ತಂಗಿ ಚನ್ನಪ್ಪನವರು ಊರೂರು ತಿರುಗಿ ಅವನ ವಚನಗಳನ್ನು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದರು. ಅಂದಿನಿಂದ ಅವನು ಹೇಳದ ವಚನಗಳ ಸಂಖ್ಯೆ ಹೆಚ್ಚುತ್ತಲೇ ಇದೆ. ನಿಮ್ಮ ಯಾವ ಸಲಹೆಯನ್ನಾದರೂ ಮೂರು ಸಾಲಿಗೆ ತುಂಡರಿಸಿ ಕೊನೆಗೆ ಅವನ ಹೆಸರು ಹಚ್ಚಿದರೆ ಯಾರೂ ಎದುರಾಡುವುದಿಲ್ಲ. ಆ್ಯಂಟಿಬಯಾಟಿಕ್ ಮತ್ತು ವ್ಯಾಕ್ಸಿನ್ ವಿಷಯದಲ್ಲಿ ಮಾತ್ರ ಈ ಅಧಿಕಾರ ಚಲಾಯಿಸಬೇಡಿ. ಅವನ ಕಾಲಕ್ಕೆ ಅವು ಇರಲಿಲ್ಲ.

ಇಲ್ಲಿನ ಅಪಾಯ ಹೆಗಲ ಮೇಲಿನ ಡಬ್ಬಿಯದು. ಗೋವಿನಜೋಳಕ್ಕೆ ಸೈನಿಕಹುಳು ಬಿದ್ದದ್ದು ದೇಶದಲ್ಲಿ ಮೊದಲು ಕಂಡದ್ದು 2018ರಲ್ಲಿ, ಪಕ್ಕದ ಶಿವಮೊಗ್ಗದಲ್ಲಿ. ಆಮೇಲೆ ಸುಳಿಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವ ಕೆಲಸ ಹೆಚ್ಚಿತು. ಬೆಳೆ ಎದೆಯೆತ್ತರ ದಾಟಿದ ಮೇಲೆ ಹೊಡೆದದ್ದರಲ್ಲಿ ಒಂದಿಷ್ಟು ಮುಖದ ಮೇಲೆಯೇ ಬೀಳುತ್ತದೆ. ಈಗ ಕೂಡ್ರಿ, ಗಮನವಿಟ್ಟು ನೋಡಿ: ನಾಜಲ್ ಕಟ್ಟಿಕೊಳ್ಳುತ್ತದೆ. ಹೊಡೆಯುವವನು ಅದನ್ನು ತಿರುವಿ ಬಿಚ್ಚಿ, ಅಂಗಿಗೆ ಒರೆಸಿ, ತುಟಿಗಿಟ್ಟು ಊದುತ್ತಾನೆ. ಊದಿದ ಮೇಲೆ ಅದೇ ಕೈಯಿಂದ ಜೇಬಿನ ಚೀಟು ಹರಿದು ಬಾಯಿಗೆ ಹಾಕಿಕೊಳ್ಳುತ್ತಾನೆ. ಸಂಜೆ ತಲೆ ಸುತ್ತು, ಜೊಲ್ಲು, ಬೆವರು. ಮನೆಯಲ್ಲಿ ‘ಬಿಸಲ ಹೊಡದೈತಿ’ ಎಂದು ಮಜ್ಜಿಗೆ. ನಾಜಲ್‌ಗೆ ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಡಬ್ಬಿಗೇ ಕಟ್ಟಿಡಲು ಹೇಳಿ. ಈ ಕೈಪಿಡಿಯಲ್ಲಿ ಇದಕ್ಕಿಂತ ಅಗ್ಗದ ಔಷಧ ಇಲ್ಲ. ಗಾಳಿಗೆ ಬೆನ್ನು ಮಾಡಿ ಹೊಡೆಯುವುದು, ತುಂಬುತೋಳಿನ ಅಂಗಿ, ಮುಗಿದ ಕೂಡಲೇ ಸಬಕಾರ ಹಚ್ಚಿ ಸ್ನಾನ, ಆ ಬಟ್ಟೆ ಬೇರೆ ಒಗೆತ.

ಯಾರಾದರೂ ಎಣ್ಣೆ ಕುಡಿದಿದ್ದರೆ ಅಥವಾ ಹೊಲದಲ್ಲೇ ಬಿದ್ದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಅದು ಶ್ವಾಸಕೋಶಕ್ಕೆ ಇಳಿದರೆ ಎರಡನೇ ಅಪಾಯ. ಬಟ್ಟೆ ತೆಗೆಸಿ, ಮೈ ತೊಳೆಸಿ, ಬಾಟಲಿಯನ್ನು ಚೀಟಿ ಸಮೇತ ಆಸ್ಪತ್ರೆಗೆ ಒಯ್ಯಿರಿ. ಕೆಲವು ವಿಷಗಳಿಗೆ ಅಲ್ಲಿ ಅಟ್ರೋಪಿನ್ ಕೊಡುತ್ತಾರೆ. ಅದೂ ಮೂಲತಃ ಒಂದು ಗಿಡದಿಂದ ಬಂದದ್ದೇ. ಮಿಲಿಗ್ರಾಮಿನ ಲೆಕ್ಕ ತಪ್ಪಿದರೆ ಅದೇ ವಿಷ.

ನಾಲ್ಕೂ ತಾಲ್ಲೂಕಿಗೆ ಅನ್ವಯ: ಬ್ಯಾರಲ್

ನಳ ದಿನಾಲೂ ಬರುವುದಿಲ್ಲ. ಬಂದ ದಿನ ಬ್ಯಾರಲ್, ಕೊಡ, ದನದ ದೋಣಿ ಎಲ್ಲ ತುಂಬುತ್ತವೆ. ಡೆಂಗಿಯ ಸೊಳ್ಳೆಗೆ ಬೇಕಾದದ್ದು ಈ ತಿಳಿನೀರೇ, ಗಟಾರದ್ದಲ್ಲ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ವಾರದಿಂದ ಹತ್ತು ದಿನ. ಹಾಗಾಗಿ ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ, ಒಳಗೋಡೆಯನ್ನು ತಿಕ್ಕಿ ತೊಳೆಯಬೇಕು. ಗೋಡೆಗೆ ಅಂಟಿದ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಕಾಯುತ್ತವೆ. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಸುವ ಹಳ್ಳಿಯ ಮನೆಗೆ 200 ರೂಪಾಯಿ ದಂಡವನ್ನೂ ಇಟ್ಟಿತು. ನೀರು ಯಾವ ದಿನ ಬರುತ್ತದೆಂದು ಹೇಳದವರಿಗೆ ಎಷ್ಟು ದಂಡ ಎಂದು ಕಟ್ಟೆಯ ಮೇಲೆ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ, ಆದರೂ ಬ್ಯಾರಲ್ ಮುಚ್ಚಿ.

ಪಪಾಯಿ ಎಲೆಯ ರಸದ ಬಗ್ಗೆ ಒಂದು ಎಚ್ಚರಿಕೆ. ಡೆಂಗಿ ಜ್ವರ ಮೂರರಿಂದ ಏಳನೇ ದಿನದ ನಡುವೆ ತಾನಾಗಿ ಇಳಿಯುತ್ತದೆ. ನಿಮ್ಮ ರಸ ಅಷ್ಟರಲ್ಲಿ ಹೊಟ್ಟೆ ಸೇರಿರುತ್ತದೆ, ಎಲ್ಲರೂ ಕೈ ಮುಗಿಯುತ್ತಾರೆ. ಈ ರೋಗದಲ್ಲಿ ಅಪಾಯ ಶುರುವಾಗುವುದೇ ಜ್ವರ ಇಳಿಯುವ ಹೊತ್ತಿಗೆ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಂಕು ಬಡಿದಂತೆ ಮಲಗುವುದು ಕಂಡರೆ ‘ಜ್ವರಾ ಬಿಟ್ಟೈತಲ್ಲ’ ಎಂದು ಸುಮ್ಮನಿರಬಾರದು. ಮೈಕೈ ನೋವಿಗೆಂದು ಅಂಗಡಿಯ ನೋವಿನ ಗುಳಿಗೆ ನುಂಗಿಸಬೇಡಿ. ಪ್ಯಾರಾಸಿಟಮಾಲ್ ಒಂದೇ ಸಾಕು.

ಸ್ವಂತ ಬಳಕೆ

ಬಿ.ಪಿ.ಗೆ ಬೆಳ್ಳುಳ್ಳಿ ಎಂದು ಊರಿಗೆಲ್ಲ ಹೇಳಿ, ನಿಮ್ಮ ಗುಳಿಗೆಯನ್ನು ಬನಿಯನ್ ಜೇಬಿನಲ್ಲಿ ಮುಚ್ಚಿಟ್ಟುಕೊಂಡಿರುವ ವಿಚಾರ ಈ ಕೈಪಿಡಿಗೆ ಗೊತ್ತಿದೆ. ಹೊರಗೆ ತೆಗೆಯಿರಿ. ಎಲ್ಲರೆದುರು ನುಂಗಿ. ‘ಬಿ.ಪಿ. ನಾರ್ಮಲ್ ಬಂತ್ರಿ, ಗುಳಿಗಿ ಬಿಟ್ಟೆ’ ಎನ್ನುವವರಿಗೆ ಅದು ನಾರ್ಮಲ್ ಆದದ್ದು ಗುಳಿಗೆಯಿಂದಲೇ ಎಂದು ಹೇಳಲು ನಿಮಗಿಂತ ತಕ್ಕವರಿಲ್ಲ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಎಂದರೆ ಒಂದು ಚಹಾ ಚಮಚಕ್ಕೂ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಎಲ್ಲ ಅದರೊಳಗೇ ಬರಬೇಕು. ಇದನ್ನು ಹೇಳುವಾಗ ಮನೆಯವರು ಹತ್ತಿರ ಇರದಂತೆ ನೋಡಿಕೊಳ್ಳಿ.

ನೀವು ನುಂಗುವುದನ್ನು ನೋಡಿದವರಲ್ಲಿ ಒಬ್ಬರಾದರೂ ಕೇಳುತ್ತಾರೆ: ‘ಕಾಕಾ, ನನಗೂ ತಲಿ ಗಿಂವ್ ಅಂತೈತಿ, ಅದರಾಗ ಒಂದು ಕೊಡ್ರಿ.’ ಕೊಡಬೇಡಿ. ‘ಆರೋಗ್ಯ ಕೇಂದ್ರದಾಗ ಮೊದಲ ಅಳಿಸಿಕೊಂಡು ಬಾ’ ಎನ್ನಿ. ಅಳೆಸಿಕೊಂಡು ಬಂದು ಅಂಕಿ ಹೇಳಿದರೆ ಇನ್ನೊಂದು ದಿನ ಮತ್ತೆ ಅಳೆಸಲು ಹೇಳಿ. ಅಂಕಿ ತೀರ ಹೆಚ್ಚಿಲ್ಲದಿದ್ದರೆ ಒಂದೇ ಸಲ ನೋಡಿ ಡಾಕ್ಟರೂ ಸಾಮಾನ್ಯವಾಗಿ ತೀರ್ಮಾನ ಮಾಡುವುದಿಲ್ಲ. ಎರಡು ಅಳತೆಗಳ ನಡುವಿನ ದಿನಗಳಲ್ಲಿ ಅವನು ಕಟ್ಟೆಗೆ ಬಂದರೆ ಮಳೆಯ ಬಗ್ಗೆ, ಗೋವಿನಜೋಳದ ರೇಟಿನ ಬಗ್ಗೆ ಮಾತಾಡಿ.